ಐದಕ್ಕೂ ಲಿಮ, ಕೈಗೂ ಲಿಮ

ಓದುಗರ ಪತ್ರ: ಬಾಲಿಗೆ ಪ್ರವಾಸ ಹೋಗಿದ್ದಾಗ ಅಂಗಡಿಯವರು 'ಸತು, ದುಅ, ತಿಗ, ಎಂಪತ್, ಲಿಮ' ಎಂದು ಎಣಿಸುವುದನ್ನು ಕೇಳಿದೆ. ಹವಾಯಿ ಭಾಷೆಯಲ್ಲಿ 'ಲಿಮ' ಎಂದರೆ ಕೈ ಎಂದು ಆಮೇಲೆ ಓದಿದೆ. ಇವೆರಡಕ್ಕೂ ಸಂಬಂಧವಿದೆಯೆ? 'ದುಅ' ನಮ್ಮ 'ದ್ವಿ'ಯಂತೆಯೇ ಇರುವುದರಿಂದ ಈ ಎಣಿಕೆಯೆಲ್ಲ ಸಂಸ್ಕೃತದಿಂದ ಹೋದದ್ದು ಎಂಬುದು ಸ್ನೇಹಿತರೊಬ್ಬರ ವಾದ. ದಯವಿಟ್ಟು ತಿಳಿಸಿ.
— ಓದುಗರು, ಶಿವಮೊಗ್ಗ

ಸಂಪಾದಕರ ಉತ್ತರ:

ಮಾನ್ಯರೇ,

ಸಂಬಂಧವಿದೆ, ಅದೂ ಒಡಹುಟ್ಟಿದವರ ಸಂಬಂಧ. ಸಂಸ್ಕೃತಕ್ಕೆ ಮಾತ್ರ ಅದರಲ್ಲಿ ಪಾಲಿಲ್ಲ.

ನೀವು ಕೇಳಿದ ಎಣಿಕೆ ಇಂಡೊನೇಷ್ಯನ್ ಭಾಷೆಯದು. ಅದರಲ್ಲಿ 'ಲಿಮ' ಐದು ಮಾತ್ರ. ಕೈಗೆ 'ತಾಂಗಾನ್' ಎಂಬ ಬೇರೆ ಮಾತಿದೆ. ಅದೇ ಅಂಗಡಿಯವರ ಮನೆಮಾತಾದ ಬಾಲಿ ಭಾಷೆಯನ್ನು ವಿಚಾರಿಸಿದ್ದರೆ ಹವಾಯಿಯವರೆಗೆ ಹೋಗಬೇಕಾಗಿರಲಿಲ್ಲ. ಅಲ್ಲಿ ಐದೂ ಲಿಮ, ಕೈಯೂ ಲಿಮ. ತೈವಾನಿನ ಬೆಟ್ಟಗಳಲ್ಲಿರುವ ಪೈವಾನ್ ಜನರಲ್ಲಿ, ಇಂಡೊನೇಷ್ಯದ ಸುಲವೇಸಿ ದ್ವೀಪದ ಮಕಸ್ಸರ್ ಭಾಷೆಯಲ್ಲಿ, ಪೆಸಿಫಿಕ್‌ನ ಸಮೋವದಲ್ಲಿ ಕೂಡ ಹೀಗೆಯೇ. ಫಿಲಿಪೀನ್ಸಿನ ತಗಾಲೊಗ್ ಇಂಡೊನೇಷ್ಯನ್ನಿನ ಹಾಗೆ ಎಣಿಕೆಯನ್ನು ಉಳಿಸಿಕೊಂಡು ಕೈಯನ್ನು ಬಿಟ್ಟಿದೆ. ಇವೆಲ್ಲ ಆಸ್ಟ್ರೊನೇಷ್ಯನ್ ಕುಟುಂಬದ ಭಾಷೆಗಳು. ಪಶ್ಚಿಮದಲ್ಲಿ ಮಡಗಾಸ್ಕರ್‌ನಿಂದ ಪೂರ್ವದಲ್ಲಿ ಈಸ್ಟರ್ ದ್ವೀಪದವರೆಗೆ ಹರಡಿರುವ ಸುಮಾರು 1200 ಭಾಷೆಗಳ ಈ ಕುಟುಂಬದ ತವರು ತೈವಾನ್ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಒಂದೇ ಸದ್ದು ಕೇಳಿದ ಮಾತ್ರಕ್ಕೆ ಎರಡು ಪದಗಳನ್ನು ಬಂಧುಗಳೆನ್ನಬಾರದು. ಇಂಡೊನೇಷ್ಯನ್ನಿಗೆ ಮೂಲವಾದ ಮಲಯ ಭಾಷೆಯಲ್ಲಿ ಕಣ್ಣಿಗೆ 'ಮತ', ಇಂದಿನ ಗ್ರೀಕ್‌ನಲ್ಲಿ 'ಮಾತಿ'. ಅದು ಬರಿಯ ಕಾಕತಾಳೀಯ. ಬಂಧುತ್ವವನ್ನು ತೋರಿಸುವುದು ಹೋಲಿಕೆಗಿಂತ ಹೆಚ್ಚಾಗಿ ನಿಯಮ ತಪ್ಪದ ವ್ಯತ್ಯಾಸ. ನ್ಯೂಜಿಲೆಂಡಿನ ಮಾವೊರಿಯಲ್ಲಿ ಐದು 'ರಿಮ'. ಇಲ್ಲಿನ ರಕಾರ ಉಚ್ಚಾರದ ಅಜಾಗರೂಕತೆಯಲ್ಲ: ಮಲಯದ 'ಲಾಂಗಿತ್' (ಆಕಾಶ) ಮಾವೊರಿಯಲ್ಲಿ 'ರಾಂಗಿ', 'ತೆಲಿಂಗ' (ಕಿವಿ) ಅಲ್ಲಿ 'ತಾರಿಂಗ'. ಮಡಗಾಸ್ಕರ್‌ನಲ್ಲಿ ಐದು 'ದಿಮಿ' ಆಗುತ್ತದೆ. ಅಲ್ಲಿಯೂ ಇಕಾರಕ್ಕೆ ಮೊದಲು ಬಂದ ಲಕಾರವೇ ದಕಾರವಾಗುವುದು: ಮಲಯದ 'ಕುಲಿತ್' (ಚರ್ಮ) ಹೋಗಿ 'ಹುದಿತ್ರ', 'ಬೆಲಿ' (ಕೊಳ್ಳು) ಹೋಗಿ 'ವಿದಿ'. ಪೆಸಿಫಿಕ್‌ನ ಟೋಂಗಾ ದ್ವೀಪಗಳ 'ನಿಮ' ಈ ಸಾಲಿಗೆ ಸೇರದ ಒಂಟಿ ರೂಪ. ಪಕ್ಕದ ಮಕಾರದ ಅನುನಾಸಿಕತೆ ಲಕಾರವನ್ನು ತನ್ನತ್ತ ಎಳೆದುಕೊಂಡಿದೆ. ಆಕಾಶಕ್ಕೆ ಅವರೂ 'ಲಾಂಗಿ' ಎಂದೇ ಹೇಳುತ್ತಾರೆ.

ಈ ಹೋಲಿಕೆಯನ್ನು ಹಾಲೆಂಡಿನ ಆದ್ರಿಯಾನ್ ರೆಲಾಂಡ್ 1708ರಲ್ಲೇ ಗಮನಿಸಿದ್ದರು. ನಾವಿಕರು ಪೆಸಿಫಿಕ್ ದ್ವೀಪಗಳಿಂದ ಬರೆದುಕೊಂಡು ತಂದಿದ್ದ ಪದಪಟ್ಟಿಗಳೇ ಅವರಿಗೆ ಆಧಾರ. ಧ್ವನಿನಿಯಮಗಳನ್ನು ಕ್ರಮವಾಗಿ ಕಟ್ಟಿಕೊಟ್ಟದ್ದು ಜರ್ಮನಿಯ ಒಟ್ಟೊ ಡೆಂಪ್‌ವೋಲ್ಫ್, 1930ರ ದಶಕದಲ್ಲಿ.

ಇನ್ನು ನಿಮ್ಮ ಸ್ನೇಹಿತರ ವಾದ. 'ದುಅ' ನೋಡಿದರೆ ಯಾರಿಗಾದರೂ 'ದ್ವಿ' ನೆನಪಾಗುತ್ತದೆ, ನಿಜ. ಆದರೆ ತೈವಾನಿನ ಪಾಜೇಹ್ ಭಾಷೆಯಲ್ಲಿ ಎರಡಕ್ಕೆ 'ದುಸ' ಎನ್ನುತ್ತಿದ್ದರು. ಮೂಲದಲ್ಲಿ ಆ ಎರಡು ಸ್ವರಗಳ ನಡುವೆ ಸಕಾರದಂಥ ವ್ಯಂಜನವೊಂದಿತ್ತು. ದಕ್ಷಿಣದ ದ್ವೀಪಗಳಿಗೆ ಹೋಗುತ್ತ ಅದು ಸವೆದು 'ದುಅ' ಉಳಿಯಿತು. 'ದ್ವಿ'ಯಲ್ಲಿ ಅಂಥ ವ್ಯಂಜನಕ್ಕೆ ಜಾಗವೇ ಇಲ್ಲ. ಸಂಸ್ಕೃತ ಆ ದ್ವೀಪಗಳಿಗೆ ಹೋಗಿಲ್ಲವೆಂದಲ್ಲ, ಧಾರಾಳವಾಗಿ ಹೋಗಿದೆ. ಮಲಯದಲ್ಲಿ ತಲೆಗೆ 'ಕೆಪಾಲ', ಅಂದರೆ ನಮ್ಮ ಕಪಾಲ. ತಲೆಗಿದ್ದ ಹಳೆಯ ಮಾತು 'ಹುಲು' ಈಗ ಅಲ್ಲಿ ನದಿಯ ಮೇಲ್ದಂಡೆಯನ್ನು ಸೂಚಿಸುತ್ತದೆ. 1945ರಲ್ಲಿ ಇಂಡೊನೇಷ್ಯದ ನಾಯಕ ಸುಕರ್ಣೊ ಸಾರಿದ ಐದು ತತ್ವಗಳಿಗೆ 'ಪಂಚಸಿಲ' ಎಂಬ ಹೆಸರು. ಆ ತತ್ವಗಳನ್ನು ಬೆರಳು ಮಡಚಿ ಎಣಿಸುವ ಮಗು ಮಾತ್ರ ಕೊನೆಗೆ ಹೇಳುವುದು 'ಲಿಮ' ಎಂದೇ. ಇನ್ನೊಬ್ಬರ ಪ್ರತಿಯೊಂದು ಮಾತಿಗೂ ನಮ್ಮ ಮೂಲವನ್ನೇ ಹುಡುಕುವ ಅಭ್ಯಾಸ ನನಗೆ ನೋವು ತರುತ್ತದೆ. ತೆರೆದ ಕಡಲಲ್ಲಿ ದೋಣಿ ನಡೆಸಿ ಹೊಸ ದ್ವೀಪಗಳನ್ನು ಕಂಡುಕೊಂಡವರು ಎಣಿಸುವುದನ್ನು ತಾವೇ ಬಲ್ಲವರಾಗಿದ್ದರು.

ಸಂಖ್ಯಾವಾಚಕಗಳು ಎಂದಿಗೂ ಬದಲಾಗುವುದಿಲ್ಲ ಎಂಬ ಮಾತೂ ಇದೆ. ಪೆಸಿಫಿಕ್‌ನ ತಹಿತಿ ದ್ವೀಪದ ಮಟ್ಟಿಗೆ ಅದು ಸುಳ್ಳು. ಅಲ್ಲಿ ಅರಸರ ಹೆಸರಿನಲ್ಲಿ ಬರುವ ಮಾತುಗಳನ್ನು ಜನರು ಬಳಸುವುದು ನಿಷಿದ್ಧವಾಗುತ್ತಿತ್ತು. ಪೊಮಾರೆ ಅರಸರ ಕಾಲದಲ್ಲಿ 'ಪೊ' (ರಾತ್ರಿ) ಹೋಗಿ 'ರುಇ' ಬಂತು. ಇದೇ ಪದ್ಧತಿಗೆ ಸಿಕ್ಕಿ ಎರಡು 'ಪಿತಿ' ಆಯಿತು, ಐದು 'ಪಾಎ' ಆಯಿತು. ಆದರೂ ಕೈಗೆ ಇವತ್ತಿಗೂ 'ರಿಮ'ವೇ.

ಹಾಗಾದರೆ ಮೊದಲು ಹುಟ್ಟಿದ್ದು ಐದೊ, ಕೈಯೊ? ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೈಗೆ ಆದಿಯಲ್ಲಿ 'ಕಲಿಮ'ದಂಥ ತುಸು ಉದ್ದನೆಯ ಬೇರೆ ರೂಪವಿತ್ತು, 'ಲಿಮ' ಆರಂಭದಿಂದಲೂ ಐದೇ ಎಂದು ರಾಬರ್ಟ್ ಬ್ಲಸ್ಟ್ ವಾದಿಸಿದರು. ಲೋರಾಂ ಸಗಾರ್ ಪಾಜೇಹ್ ಭಾಷೆಯನ್ನು ಮುಂದಿಡುತ್ತಾರೆ. ಅದನ್ನು ಹುಟ್ಟಿನಿಂದ ಆಡುತ್ತಿದ್ದ ಕೊನೆಯ ಅಜ್ಜಿ 2010ರಲ್ಲಿ ತೀರಿಕೊಂಡರು. ಅಲ್ಲಿ ಐದು 'ಖಸೆಪ್', ಏಳು 'ಖಸೆಬಿದುಸ', ಅಂದರೆ ಐದು ಮತ್ತು ಎರಡು. ಕುಟುಂಬದ ಹಳೆಯ ಐದು ಈ 'ಖಸೆಪ್' ಬಳಗದ ಮಾತು. ಕೈಯನ್ನು ಹೇಳುತ್ತಿದ್ದ 'ಲಿಮ' ಆಮೇಲೆ ಅದರ ಸ್ಥಾನಕ್ಕೆ ಬಂತು ಎಂಬುದು ಅವರ ನಿಲುವು. ನನ್ನ ಒಲವು ಇದರ ಕಡೆಗೆ. ಮೈಯ ಅಂಗದಿಂದ ಎಣಿಕೆಗೆ ಮಾತು ಸಿಕ್ಕ ನಿದರ್ಶನಗಳು ಜಗತ್ತಿನ ಹಲವು ಭಾಷೆಗಳಲ್ಲಿವೆ; ಎಣಿಕೆಯಿಂದ ಅಂಗಕ್ಕೆ ಹೆಸರು ಬಂದದ್ದು ತೀರ ಅಪರೂಪ.