ಅಂಟಾರ್ಕ್ಟಿಕಾ ಒಳಗೆ ಯಾರನ್ನೂ ಬಿಡಲ್ವಾ?

ಯಾರನ್ನೂ ಒಳಗೆ ಬಿಡಲ್ಲ, ಪಿರಮಿಡ್ ಇದೆ, ಮ್ಯಾಪಲ್ಲಿ ಬೇಕಂತಲೇ ಬ್ಲರ್ ಮಾಡಿದಾರೆ ಅನ್ನೋ ವಿಡಿಯೋ ನಿಜಾನಾ ಅಂತ ಕೇಳಿದೀರಲ್ಲ, ಮೊದಲು ಆ ಬ್ಲರ್ ವಿಷ್ಯ ಹೇಳ್ತೀನಿ ಯಾಕಂದ್ರೆ ಜನ ಜಾಸ್ತಿ ಮೋಸ ಹೋಗೋದು ಅಲ್ಲೇ. ಭೂಮಿ ಫೋಟೋ ತೆಗೆಯೋ ಲ್ಯಾಂಡ್‌ಸ್ಯಾಟ್ ಥರದ ಸ್ಯಾಟಲೈಟ್‌ಗಳ ಕಕ್ಷೆ ಸ್ವಲ್ಪ ಓರೆ, ಸುಮಾರು 82-83 ಡಿಗ್ರಿ ಅಕ್ಷಾಂಶ ದಾಟಿ ಧ್ರುವದ ನೆತ್ತಿ ಮೇಲೆ ಹೋಗೋದೇ ಇಲ್ಲ, ಹಾಗಾಗಿ ನಡುವೆ ಒಂದು ದುಂಡು ಜಾಗದ ಫೋಟೋನೇ ಸಿಗಲ್ಲ, ಅದನ್ನ ಬೇರೆ ಡೇಟಾ ಹಾಕಿ ತುಂಬ್ತಾರೆ, ಕಲೆ ಕಲೆಯಾಗಿ ಕಾಣತ್ತೆ ಅಷ್ಟೆ.

ಪಿರಮಿಡ್ ಅಂತಾರಲ್ಲ ಅದು ಎಲ್ಸ್‌ವರ್ತ್ ಪರ್ವತಗಳಲ್ಲಿರೋ ಒಂದು ಶಿಖರ. ಬಂಡೆ ಬಿರುಕಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗಿ ಹಿಗ್ಗಿ ಚೂರು ಚೂರೇ ಒಡೆದು ಆ ಆಕಾರ ಬಂದಿರೋದು, ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ನೋಡಿ, ಅದೂ ಹಂಗೇ ಇದೆ.

ಇನ್ನು ಬಿಡಲ್ಲ ಅನ್ನೋದು ಶುದ್ಧ ಸುಳ್ಳು. ದಕ್ಷಿಣ ಧ್ರುವದಲ್ಲೇ ಅಮೆರಿಕದವರ ಅಮುಂಡ್ಸನ್-ಸ್ಕಾಟ್ ಅನ್ನೋ ಸಂಶೋಧನಾ ಸ್ಟೇಷನ್ ಇದೆ, ದುಡ್ಡಿದ್ರೆ ಟೂರಿಸ್ಟ್ ಆಗೂ ಹೋಗ್ಬೋದು (ಎಷ್ಟಾಗತ್ತೆ ಅಂತ ಮಾತ್ರ ಕೇಳ್ಬೇಡಿ). ನಮ್ಮ ದೇಶದ್ದೂ ಮೈತ್ರಿ, ಭಾರತಿ ಅಂತ ಎರಡು ಸ್ಟೇಷನ್ ಇದೆ, ಆದ್ರೆ ಅವು ಕರಾವಳಿ ಕಡೆ. 1959ರ ಅಂಟಾರ್ಕ್ಟಿಕ್ ಒಪ್ಪಂದದ ಪ್ರಕಾರ ಒಂದು ದೇಶ ಇನ್ನೊಂದು ದೇಶದ ಸ್ಟೇಷನ್‌ಗೆ ಹೋಗಿ ತಪಾಸಣೆನೂ ಮಾಡ್ಬೋದು, ಮಿಲಿಟರಿ ಬೇಸ್ ಕಟ್ಟಂಗಿಲ್ಲ. ಪರ್ಮಿಟ್ ಬೇಕು ನಿಜ, ಅದು ಮುಖ್ಯವಾಗಿ ಪರಿಸರ ಹಾಳಾಗ್ಬಾರ್ದು ಅಂತ.

ನನ್ ಕೇಳಿದ್ರೆ ಅಸಲಿ ವಿಚಿತ್ರ ಇರೋದು ವೋಸ್ಟಾಕ್ ಸರೋವರದಲ್ಲಿ. ಸುಮಾರು 4 ಕಿಮೀ ಮಂಜುಗಡ್ಡೆ ಕೆಳಗೆ, ಮೇಲಿನ ಭಾರಕ್ಕೂ ಭೂಮಿ ಒಳಗಿನ ಶಾಖಕ್ಕೂ ಹೆಪ್ಪುಗಟ್ಟದೆ ಉಳಿದಿರೋ ನೀರು. 2012ರಲ್ಲಿ ರಷ್ಯಾದವರು ಅಲ್ಲಿವರೆಗೂ ಕೊರೆದ್ರು, ಆ ವಿಡಿಯೋದವ್ರು ಇದರ ಬಗ್ಗೆ ಒಂದು ಮಾತೂ ಆಡಲ್ಲ ನೋಡಿ.