ಇಂಪ್ಲಾಂಟ್ ಹಲ್ಲು ಎಷ್ಟು ವರ್ಷ ಬಾಳುತ್ತದೆ?

ಪ್ರಶ್ನೆ: ನನಗೆ 61 ವರ್ಷ, ಮಧುಮೇಹವಿದೆ. ಆರು ವರ್ಷಗಳ ಹಿಂದೆ ಕೆಳದವಡೆಯಲ್ಲಿ ಒಂದು ಇಂಪ್ಲಾಂಟ್ ಹಾಕಿಸಿಕೊಂಡೆ. ಅದು ಜೀವಮಾನವಿಡೀ ಇರುತ್ತದೆ ಎಂದು ಆಗ ಹೇಳಿದ್ದರು. ಈಚೆಗೆ ಹಲ್ಲುಜ್ಜುವಾಗ ಅದರ ಸುತ್ತ ರಕ್ತ ಬರುತ್ತದೆ, ಅಗಿಯುವಾಗ ಹಲ್ಲು ತುಸು ಅಲ್ಲಾಡಿದಂತೆಯೂ ಅನಿಸುತ್ತದೆ. ನೋವೇನೂ ಇಲ್ಲ. ಅದರ ಆಯುಸ್ಸು ಮುಗಿಯಿತೆ? ಹೇಗೆ ನೋಡಿಕೊಳ್ಳಬೇಕು?
— ಓದುಗರೊಬ್ಬರು, ಹಾಸನ

ಉತ್ತರ: ಆ ಬದಿಯಲ್ಲಿ ಅಗಿಯುವುದನ್ನು ನಿಲ್ಲಿಸಿ, ಈ ವಾರದೊಳಗೇ ದಂತವೈದ್ಯರಿಗೆ ತೋರಿಸಿ. ಇಂಪ್ಲಾಂಟ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಮೂರು ಭಾಗಗಳಿವೆ: ಮೂಳೆಯೊಳಗೆ ಕೂತಿರುವ ಟೈಟಾನಿಯಂ ತಿರುಪು, ಅದರ ಮೇಲೆ ಜೋಡಿಸಿದ, ಕ್ಯಾಪನ್ನು ಹೊರುವ ಅಬಟ್‌ಮೆಂಟ್ ಎಂಬ ಕೊಂಡಿ ಮತ್ತು ಕಣ್ಣಿಗೆ ಕಾಣುವ ಕ್ಯಾಪ್. ಮೇಲಿನ ಭಾಗಗಳನ್ನು ಹಿಡಿದಿರುವ ಸಣ್ಣ ಸ್ಕ್ರೂ ಸಡಿಲಗೊಂಡಿದ್ದರೆ ಅದನ್ನು ಬಿಗಿ ಮಾಡಿ ಅಥವಾ ಬದಲಿಸಿ ಸರಿಪಡಿಸಬಹುದು. ಹಾಗೆಯೇ ಅಗಿಯುತ್ತ ಹೋದರೆ ಮಾತ್ರ ಅದು ಒಳಗೇ ಮುರಿದು, ಸಣ್ಣ ತೊಂದರೆ ದೊಡ್ಡದಾಗುತ್ತದೆ. ಮೂಳೆಯೊಳಗಿನ ತಿರುಪೇ ಅಲ್ಲಾಡುತ್ತಿದ್ದರೆ ಮೂಳೆಯ ಹಿಡಿತ ತಪ್ಪಿದೆ ಎಂದರ್ಥ, ಆಗ ಅದನ್ನು ತೆಗೆಯಬೇಕಾಗುತ್ತದೆ. ಇವೆರಡರಲ್ಲಿ ಯಾವುದೆಂದು ಮನೆಯಲ್ಲಿ ಬೆರಳಿಟ್ಟು ನೋಡಿ ತಿಳಿಯುವಂತಿಲ್ಲ. ಪರೀಕ್ಷೆ ಮತ್ತು ಎಕ್ಸ್-ರೇ ಬೇಕೇ ಬೇಕು.

ಇನ್ನು ಆಯುಸ್ಸಿನ ಮಾತು. ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಕಂಡುಕೊಂಡ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರಾನೆಮಾರ್ಕ್ 1965ರಲ್ಲಿ ಯೋಸ್ತಾ ಲಾರ್ಸನ್ ಎಂಬ ರೋಗಿಗೆ ಅಳವಡಿಸಿದ ಇಂಪ್ಲಾಂಟುಗಳು, 2006ರಲ್ಲಿ ಅವರು ತೀರಿಕೊಳ್ಳುವವರೆಗೂ ಕೆಲಸ ಮಾಡಿದವು. ಅಂಥ ದೀರ್ಘ ಬಾಳಿಕೆ ಸಾಧ್ಯವೆಂಬುದಕ್ಕೆ ಇದು ಸಾಕ್ಷಿಯೇ ಹೊರತು ಎಲ್ಲರಿಗೂ ಕೊಟ್ಟ ಭರವಸೆಯಲ್ಲ. ಸಾಮಾನ್ಯವಾಗಿ ಹತ್ತು ವರ್ಷಗಳ ನಂತರ ನೂರರಲ್ಲಿ ಸುಮಾರು 95 ಇಂಪ್ಲಾಂಟುಗಳು ಬಾಯಲ್ಲಿ ಉಳಿದಿರುತ್ತವೆ. ಕ್ಯಾಪಿನ ಲೆಕ್ಕ ಬೇರೆ: ಅದು ಸವೆಯುತ್ತದೆ, ಚಕ್ಕೆ ಏಳುತ್ತದೆ, 10–15 ವರ್ಷಗಳಲ್ಲಿ ಬದಲಿಸಬೇಕಾಗಿ ಬರುವುದು ಅಪರೂಪವೇನಲ್ಲ. ‘ಜೀವಮಾನವಿಡೀ’ ಎಂದು ಹೇಳುವಾಗ ಈ ವ್ಯತ್ಯಾಸವನ್ನು ಬಿಡಿಸಿ ಹೇಳದಿರುವುದು ನಮ್ಮ ವೃತ್ತಿಯವರ ದೋಷವೆಂದೇ ನನ್ನ ಅಭಿಪ್ರಾಯ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ರಕ್ತ ಬರುತ್ತದೆ, ನೋವಿಲ್ಲ ಎಂಬ ಮಾತು. ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ, ಆದರೆ ಅದರ ಸುತ್ತಲಿನ ಒಸಡಿಗೂ ಮೂಳೆಗೂ ಸೋಂಕು ತಗಲುತ್ತದೆ. ಸಹಜ ಹಲ್ಲಿನ ಬೇರನ್ನು ಒಸಡು ಮತ್ತು ಮೂಳೆಯ ನಾರುತಂತುಗಳು ನೇರವಾಗಿ ಹಿಡಿದಿರುತ್ತವೆ. ಇಂಪ್ಲಾಂಟಿನ ಸುತ್ತ ಒಸಡಿನ ತಂತುಗಳು ಬಹುಮಟ್ಟಿಗೆ ಅದರ ಪಕ್ಕದಲ್ಲಿ ಹಾಯ್ದಿರುತ್ತವೆಯೇ ಹೊರತು ಅದರೊಳಗೆ ಬೇರೂರಿರುವುದಿಲ್ಲ; ಆದ್ದರಿಂದ ದಂತಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಎಬ್ಬಿಸಿದ ಉರಿಯೂತವು ಕೆಳಗಿನ ಮೂಳೆಯನ್ನು ಬೇಗ ಮುಟ್ಟುತ್ತದೆ. ಒಸಡು ಮಾತ್ರ ಊದಿಕೊಂಡ ಹಂತದಲ್ಲಿ ಸ್ವಚ್ಛಗೊಳಿಸಿದರೆ ಅದು ಪೂರ್ತಿ ಗುಣವಾಗಬಲ್ಲದು. ಮೂಳೆ ಕರಗತೊಡಗಿದರೆ ಅದನ್ನು ಪೆರಿ-ಇಂಪ್ಲಾಂಟೈಟಿಸ್ ಎನ್ನುತ್ತೇವೆ. ಆಗ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು, ಕಳೆದುಹೋದ ಮೂಳೆ ಪೂರ್ತಿ ಮರಳುತ್ತದೆಂಬ ಖಾತರಿಯಿಲ್ಲ. ಈ ಕಾಯಿಲೆ ಎಷ್ಟೋ ಸಲ ನೋವಿಲ್ಲದೆಯೇ ಮುಂದುವರಿಯುತ್ತದೆ. ರಕ್ತ, ಕೀವು, ದುರ್ವಾಸನೆಗಳೇ ಇಲ್ಲಿ ಎಚ್ಚರಿಕೆಯ ಸೂಚನೆಗಳು.

ಸಕ್ಕರೆ ಹತೋಟಿ ತಪ್ಪಿದರೆ ಈ ಅಪಾಯ ಹೆಚ್ಚುತ್ತದೆ. ಧೂಮಪಾನ ಮತ್ತು ಹಿಂದೆ ಬಂದಿದ್ದ ಒಸಡಿನ ಕಾಯಿಲೆಯೂ ಅಷ್ಟೇ ಮುಖ್ಯ ಕಾರಣಗಳು. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ರಾತ್ರಿ ಹಾಕಿಕೊಳ್ಳುವ ನೈಟ್ ಗಾರ್ಡ್ ಮಾಡಿಸಿಕೊಳ್ಳಿ. ಎಲೆ-ಅಡಿಕೆ ಮೆಲ್ಲುವ ರೂಢಿಯನ್ನು ಬಿಡುವುದು ಇಂಪ್ಲಾಂಟಿಗಷ್ಟೇ ಅಲ್ಲ, ಇಡೀ ಬಾಯಿಗೂ ಒಳ್ಳೆಯದು.

ದಿನನಿತ್ಯದ ಆರೈಕೆ ಕಷ್ಟದ್ದಲ್ಲ. ಮೃದು ಎಳೆಗಳ ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು, ಸಣ್ಣ ಸಣ್ಣ ಚಲನೆಯಲ್ಲಿ ದಿನಕ್ಕೆ ಎರಡು ಬಾರಿ ಉಜ್ಜಿ. ಕೆಳದವಡೆಯಲ್ಲಿ ನಾಲಗೆಯ ಕಡೆಗಿನ ಬದಿಗೆ ನಮ್ಮ ಕೈ ಸುಲಭವಾಗಿ ತಲುಪುವುದಿಲ್ಲ, ಪಾಚಿ ಕೂರುವುದೂ ಅಲ್ಲಿಯೇ. ಅಕ್ಕಪಕ್ಕದ ಸಂದಿಗೆ, ಒಳತಂತಿಗೆ ಪ್ಲಾಸ್ಟಿಕ್ ಹೊದಿಸಿದ ಇಂಟರ್‌ಡೆಂಟಲ್ ಬ್ರಷ್ ಬಳಸಿ. ನಿಮ್ಮ ಸಂದಿಗೆ ಯಾವ ಅಳತೆಯದು ಸರಿ ಎಂಬುದನ್ನು ವೈದ್ಯರೇ ಹಾಕಿ ತೋರಿಸಲಿ. ಪಿನ್ನು, ಬೆಂಕಿಕಡ್ಡಿಗಳಿಂದ ಚುಚ್ಚಬೇಡಿ. ಇದ್ದಿಲ ಪುಡಿ, ಉಪ್ಪುಗಳಿಂದ ತಿಕ್ಕುವುದೂ ಬೇಡ.

ಎಷ್ಟೇ ಚೆನ್ನಾಗಿ ಉಜ್ಜಿದರೂ ಆರು ತಿಂಗಳಿಗೊಮ್ಮೆ ತಪಾಸಣೆ ಬೇಕು. ಮಧುಮೇಹವಿರುವ ನಿಮ್ಮಂಥವರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಸ್ವಚ್ಛತೆ ಮಾಡಿಸುವುದನ್ನು ನಾನು ಸೂಚಿಸುತ್ತೇನೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆ ಓದಿದವರಲ್ಲಿಯೂ ಇದೆ, ಅದಕ್ಕೆ ಆಧಾರವಿಲ್ಲ. ಮೂಳೆ ಸವಕಳಿಗೆ ಅಥವಾ ಕ್ಯಾನ್ಸರಿಗೆ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಚಿಕಿತ್ಸೆಗೆ ಮೊದಲೇ ದಂತವೈದ್ಯರಿಗೆ ತಿಳಿಸಿ. ಅಂಥ ಕೆಲವು ಔಷಧಿಗಳು ದವಡೆ ಮೂಳೆ ಮಾಯುವುದನ್ನು ತಡೆಯುತ್ತವೆ.

ವೈದ್ಯರಲ್ಲಿಗೆ ಹೋಗುವಾಗ ಇಂಪ್ಲಾಂಟ್ ಹಾಕಿದಾಗ ಕೊಟ್ಟ ಕಾರ್ಡನ್ನು ಒಯ್ಯಿರಿ. ಒಂದು ಕಂಪನಿಯ ಸ್ಕ್ರೂ ಮತ್ತು ಉಪಕರಣ ಇನ್ನೊಂದಕ್ಕೆ ಹೊಂದುತ್ತದೆ ಎನ್ನುವಂತಿಲ್ಲ, ಆದ್ದರಿಂದ ಕಂಪನಿಯ ಹೆಸರು ಮತ್ತು ಅಳತೆ ತಿಳಿಯದಿದ್ದರೆ ಬೇರೆ ವೈದ್ಯರಿಗೆ ಕೆಲಸ ಕಷ್ಟವಾಗುತ್ತದೆ. ಕಾರ್ಡ್ ಇಲ್ಲದಿದ್ದರೆ ಹಾಕಿದವರಿಂದ ಆ ವಿವರಗಳನ್ನು ಬರೆಸಿಕೊಳ್ಳಿ. ಈಚಿನ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ವರದಿಯ ಜೊತೆಗೆ ಆಗಿನ ಎಕ್ಸ್-ರೇಯನ್ನೂ ಒಯ್ಯಿರಿ. ಆರು ವರ್ಷಗಳಲ್ಲಿ ಮೂಳೆ ಎಷ್ಟು ಕೆಳಗಿಳಿದಿದೆ ಎಂಬುದು ಹಳೆಯದನ್ನೂ ಹೊಸದನ್ನೂ ಹೋಲಿಸಿದಾಗ ಸ್ಪಷ್ಟವಾಗಿ ತಿಳಿಯುತ್ತದೆ.