ಪುಣೆಯ ಭೋಸರಿಯಲ್ಲಿ ಗಾಡಿ ಬಿಡಿಭಾಗಗಳ ಡ್ರಾಯಿಂಗ್ ಮಾಡುತ್ತಿದ್ದೇನೆ. ವೈದ್ಯಕೀಯ ಉಪಕರಣಗಳ ವಿನ್ಯಾಸಕ್ಕೆ ಬರಬೇಕೆಂದರೆ ಮೊದಲು ಏನು ಕಲಿಯಬೇಕು?

ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದಿ ಪುಣೆಗೆ ಬಂದವರು, ಯಾವ ಸಾಫ್ಟ್‌ವೇರ್ ಕಲಿಯಲಿ ಅಂತ ಕೇಳಿದ್ದೀರಿ. ಜೊತೆಗೆ "ಬಳಸುವವರನ್ನು ನೋಡಿ ವಿನ್ಯಾಸ ಮಾಡುವುದು ಅಂದರೆ ಡಾಕ್ಟರನ್ನು ಕೇಳಿ ಮಾಡುವುದು ತಾನೇ?" ಅಂತಲೂ ಬರೆದಿದ್ದೀರಿ. ಸಾಫ್ಟ್‌ವೇರ್ ಬಿಡಿ, ಮೂರು ವರ್ಷ ಡ್ರಾಯಿಂಗ್ ಮಾಡಿದವರಿಗೆ ಅದು ಬಂದೇ ಇರುತ್ತದೆ. ಆ ಎರಡನೇ ಮಾತಿನ ಬಗ್ಗೆ ಸ್ವಲ್ಪ ಹೇಳುತ್ತೇನೆ.

ನಾನು ಮುಂಬೈಯಲ್ಲಿ ಹನ್ನೆರಡು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ವಾರಕ್ಕೆ ಎರಡು ದಿನ ಪಾಠವನ್ನೂ ಮಾಡುತ್ತೇನೆ. ನನಗೆ ಪಾಠ ಮಾಡಿದವರು ಮಾತ್ರ ಒಬ್ಬ ಮಾವ್ಶಿ. ಇಲ್ಲಿನ ಆಸ್ಪತ್ರೆಗಳಲ್ಲಿ ಆಯಾಗಳನ್ನು ಹಾಗೆ ಕರೆಯುತ್ತಾರೆ, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ.

ಶುರುವಿನಲ್ಲಿ ನಾವೊಂದು ಸಕ್ಷನ್ ಯಂತ್ರ ಮಾಡಿದ್ದೆವು. ರೋಗಿಯ ಗಂಟಲಿನ ಕಫ ಹೀರಿ ಜಾರ್‌ಗೆ ತುಂಬುತ್ತದಲ್ಲ, ಅದು. ಗಾಳಿ ಸೋರಬಾರದು ಅಂತ ಮುಚ್ಚಳದ ಒಳಗೆ ಆಳವಾದ ಗ್ರೂವ್, ಅಂದರೆ ಕಾಲುವೆಯಂಥ ಸಂದು ಕೊಟ್ಟು, ಓ-ರಿಂಗ್ ಅನ್ನುವ ರಬ್ಬರ್ ಬಳೆ ಕೂರಿಸಿದ್ದೆ. ಆ ಗ್ರೂವ್ ಬಗ್ಗೆ ನನಗೆ ಜಂಬವೇ ಇತ್ತು. ಒಂದು ಆಸ್ಪತ್ರೆಯಲ್ಲಿ ಒಪ್ಪಿಗೆ ಪಡೆದು ಪರೀಕ್ಷೆಗೆ ಇಟ್ಟೆವು. ಡಾಕ್ಟರ್ ಸದ್ದು ಕಡಿಮೆ ಇದೆ, ಚೆನ್ನಾಗಿದೆ ಅಂದರು. ಸಿಸ್ಟರ್‌ಗಳೂ ತಲೆಯಾಡಿಸಿದರು. ವಾರ ಬಿಟ್ಟು ಹೋದರೆ, ಸಿಂಕ್ ಹತ್ತಿರ ಮಾವ್ಶಿ ಮುಚ್ಚಳ ಹಿಡಿದು ನಿಂತಿದ್ದರು. "ಸಾಹೇಬ್, ಹೇ ಧುಣಾರ್ ಕೋಣ್?" ಅಂದರು. ಇದನ್ನು ತೊಳೆಯೋರು ಯಾರು?

ಬ್ರಷ್ ಆ ಗ್ರೂವ್ ಒಳಗೆ ಹೋಗುತ್ತಲೇ ಇರಲಿಲ್ಲ. ಕಫ ಅಲ್ಲೇ ಒಣಗಿ ಕೂತಿತ್ತು. ಪಾಪ, ಅವರು ತಲೆಯ ಪಿನ್ ತೆಗೆದು ಕೆರೆಯುತ್ತಿದ್ದರು. ಪಿನ್ ತಾಗಿ ಓ-ರಿಂಗ್ ಹರಿದಿತ್ತು, ಯಂತ್ರ ಸರಿಯಾಗಿ ಹೀರುತ್ತಿರಲಿಲ್ಲ. ಇನ್ನೊಂದು ಎಡವಟ್ಟೂ ಇತ್ತು. ದಿನಾ ಹೈಪೋದಲ್ಲಿ, ಅಂದರೆ ಕ್ರಿಮಿ ಕೊಲ್ಲುವ ಬ್ಲೀಚ್ ನೀರಲ್ಲಿ ನೆನೆಹಾಕಿ ಜಾರ್ ಮೇಲೆ ಪ್ರಿಂಟ್ ಮಾಡಿದ್ದ ಎಂಎಲ್ ಗೆರೆಗಳು ಅಳಿಸಿಹೋಗಿದ್ದವು. ಸಿಸ್ಟರ್ ಬಿಳಿ ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಅಂದಾಜಿಗೆ ಗೆರೆ ಎಳೆದಿದ್ದರು. ರೋಗಿಯ ಚಾರ್ಟ್‌ಗೆ ಹೋಗುತ್ತಿದ್ದದ್ದು ಆ ಲೆಕ್ಕ! ಆಮೇಲೆ ಗೆರೆಗಳನ್ನು ಅಚ್ಚಿನಲ್ಲೇ ಉಬ್ಬಿಸಿದೆವು. ಗ್ರೂವ್ ತೆಗೆದು, ಬೆರಳಲ್ಲಿ ಎಳೆದರೆ ಪೂರ್ತಿ ಹೊರಬರುವ ದಪ್ಪ ರಿಂಗ್ ಹಾಕಿದೆವು. ಅಚ್ಚು ಬದಲಿಸುವ ಖರ್ಚಿನ ಮಾತು ಇಲ್ಲಿ ಬೇಡ, ನಿಮಗೆ ಗೊತ್ತೇ ಇದೆ.

ಅದಕ್ಕೇ ನನ್ನ ವಿದ್ಯಾರ್ಥಿಗಳನ್ನು ಮೊದಲ ಎರಡು ದಿನ ವಾರ್ಡ್‌ಗೆ ಕಳಿಸಿ, ಯಾರನ್ನೂ ಏನೂ ಕೇಳಬೇಡಿ, ಸುಮ್ನೆ ನೋಡಿ ಅನ್ನುತ್ತೇನೆ. ಕೇಳಿದರೆ ಎಲ್ಲರೂ "ಸಬ್ ಠೀಕ್ ಹೈ" ಅಂತಲೇ ಹೇಳುತ್ತಾರೆ. ಯಾವ ಯಂತ್ರದ ಮೇಲೆ ಪ್ಲಾಸ್ಟರ್ ಅಂಟಿಸಿದ್ದಾರೆ, ಯಾವ ಬಟನ್ ಸವೆದಿದೆ, ರಕ್ತ ತೆಗೆಯುವಾಗ ತೋಳಿಗೆ ಬಿಗಿಯುವ ಪಟ್ಟಿ (ಟೂರ್ನಿಕೆ) ಇಲ್ಲದೆ ಎಲ್ಲಿ ಗ್ಲೌಸನ್ನೇ ಕಟ್ಟುತ್ತಿದ್ದಾರೆ, ಅದನ್ನು ಬರೆದುಕೊಂಡು ಬರಬೇಕು. ಆಮೇಲೆ ಕ್ಲಾಸಿನಲ್ಲಿ ಎರಡು ಜೊತೆ ಗ್ಲೌಸ್ ಹಾಕಿಸಿ, ಸೋಪಿನ ನೀರಲ್ಲಿ ಕೈ ಅದ್ದಿಸಿ, ಲೈಟ್ ಆರಿಸಿ, ಪಕ್ಕದಲ್ಲಿ ಅಲಾರಾಂ ಬಾರಿಸುತ್ತಾ ಅವರದೇ ಮಾದರಿಯನ್ನು ಅವರ ಕೈಗೆ ಕೊಡುತ್ತೇನೆ. ಅರ್ಧ ಜನ ಅವತ್ತೇ ಡ್ರಾಯಿಂಗ್ ಬದಲಿಸುತ್ತಾರೆ.

ನಿಮ್ಮ ಕಂಪನಿಯಲ್ಲಿ ಎಫ್‌ಎಂಇಎ ಹಾಳೆ ತುಂಬಿಸಿಯೇ ಇರುತ್ತೀರಿ, ಅಲ್ವಾ? ಅದು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ, ಆದರೆ ಸಾಲದು. ಭಾಗ ಕೆಟ್ಟರೆ ಏನಾಗುತ್ತದೆ ಅಂತ ಅದರಲ್ಲಿ ನೋಡುತ್ತೀರಿ. ಆಸ್ಪತ್ರೆಯಲ್ಲಿ ಯಾವ ಭಾಗವೂ ಕೆಡದೆ ರೋಗಿಗೆ ಅಪಾಯ ಆಗಬಹುದು. ರಕ್ತನಾಳಕ್ಕೆ ಔಷಧಿಯನ್ನು ಅಳತೆ ಮಾಡಿ ಹರಿಸುವ ಇನ್ಫ್ಯೂಷನ್ ಪಂಪ್‌ನಲ್ಲಿ 10.0 ಒತ್ತುವಾಗ ಚುಕ್ಕೆ ಬೀಳದಿದ್ದರೆ 100 ಆಯಿತು. ಪಂಪ್ ಹೇಳಿದಷ್ಟನ್ನು ತಪ್ಪದೆ ಕೊಡುತ್ತದೆ, ಔಷಧಿ ಹತ್ತು ಪಟ್ಟು ಹೋಗುತ್ತದೆ. 2005ರಿಂದ 2009ರವರೆಗೆ ಅಮೆರಿಕದಲ್ಲಿ ಔಷಧಿ, ಉಪಕರಣಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಡಿಎಗೆ ಇನ್ಫ್ಯೂಷನ್ ಪಂಪ್‌ಗಳ ಬಗ್ಗೆ ಸುಮಾರು 56,000 ವರದಿಗಳು ಬಂದವು. ಸಾಫ್ಟ್‌ವೇರ್ ದೋಷ, ವಿದ್ಯುತ್ ದೋಷಗಳ ಜೊತೆಗೆ ಗೊಂದಲದ ಪರದೆ, ಬಟನ್‌ಗಳೂ ಕಾರಣ ಅಂತ ಅವರು ಹೇಳಿದರು. ಇದಕ್ಕೆಂದೇ ಐಇಸಿ 62366 ಅನ್ನುವ ಮಾನದಂಡ ಇದೆ. ಅದರಲ್ಲಿ "ಬಳಸಿದವನ ತಪ್ಪು" ಅನ್ನುವುದಿಲ್ಲ, "ಬಳಕೆಯಲ್ಲಾದ ತಪ್ಪು" ಅನ್ನುತ್ತಾರೆ. ಸಿಸ್ಟರ್ ತಪ್ಪು ಒತ್ತಿದರೆ ಮೊದಲು ನಾವು ನಮ್ಮ ಡ್ರಾಯಿಂಗ್ ತೆರೆದು ನೋಡಬೇಕು. ಇದರ ಜೊತೆ ಅಪಾಯದ ಲೆಕ್ಕಕ್ಕೆ ಐಎಸ್‌ಒ 14971, ನಮ್ಮ ದೇಶದ 2017ರ ಮೆಡಿಕಲ್ ಡಿವೈಸಸ್ ರೂಲ್ಸ್, ಇವಿಷ್ಟನ್ನು ಓದಿಕೊಳ್ಳಿ. ಬೋರ್ ಹೊಡೆಸುತ್ತವೆ, ಆದರೂ ಓದಿ.

ಕೋರ್ಸ್ ಬೇಕೇ ಬೇಕು ಅನ್ನುವುದಾದರೆ ಪವಾಯಿಯ ಐಐಟಿ ಬಾಂಬೆಯಲ್ಲಿ 1969ರಿಂದ ಐಡಿಸಿ ಅನ್ನುವ ವಿನ್ಯಾಸ ಶಾಲೆ ಇದೆ, ಸೇರಲು ಸೀಡ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಅದೇ ಕ್ಯಾಂಪಸ್‌ನಲ್ಲಿ 2014ರಲ್ಲಿ ಶುರುವಾದ ಬೆಟಿಕ್ ಕೇಂದ್ರದಲ್ಲಿ ಡಾಕ್ಟರ್‌ಗಳೂ ಎಂಜಿನಿಯರ್‌ಗಳೂ ಒಟ್ಟಿಗೆ ಕೂತು ಉಪಕರಣ ಮಾಡುತ್ತಾರೆ. ಅದನ್ನು ಕಟ್ಟಿದ ಪ್ರೊ. ಬಿ. ರವಿ ಆಮೇಲೆ ನಮ್ಮ ಸುರತ್ಕಲ್‌ನ ಎನ್‌ಐಟಿಕೆಗೆ ನಿರ್ದೇಶಕರಾಗಿ ಬಂದರು. ಪುಣೆಯ ಸಿಒಇಪಿ ಎಂಜಿನಿಯರಿಂಗ್ ವಿದ್ಯಾಸಂಸ್ಥೆಯಲ್ಲೂ ಬೆಟಿಕ್ ಕೆಲಸ ನಡೆದಿದೆ, ನಿಮಗೆ ಅದೇ ಹತ್ತಿರ.

ನಾನಾಗಿದ್ದರೆ ಕೆಲಸ ಬಿಡುವ ಮೊದಲು ಯಾವುದಾದರೂ ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗದವರ ಪರಿಚಯ ಮಾಡಿಕೊಂಡು, ರಿಪೇರಿಗೆ ಬಂದ ಯಂತ್ರಗಳನ್ನು ನೋಡುತ್ತಿದ್ದೆ. ವಾರ್ಡ್‌ಗೆ ಹೋಗಲು ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ರೋಗಿಗಳ ಫೋಟೊ ತೆಗೆಯಬೇಡಿ. ಆದರೆ ರಾತ್ರಿ ಪಾಳಿಗೇ ಹೋಗಿ, ಹಗಲಲ್ಲಿ ಮೇಲಿನವರು ಇರುತ್ತಾರೆ, ಎಲ್ಲವೂ ನಿಯಮದ ಪ್ರಕಾರವೇ ನಡೆಯುತ್ತದೆ. ನಾಲ್ಕು ಮಾತು ಮರಾಠಿಯನ್ನೂ ಕಲಿತುಕೊಳ್ಳಿ. ನನಗೆ ಆಗ ಬರುತ್ತಿರಲಿಲ್ಲ. ಮಾವ್ಶಿ ಕೇಳಿದ್ದಕ್ಕೆ ನಾನು ಹೊಗಳಿದರು ಅಂದುಕೊಂಡು ಥ್ಯಾಂಕ್ಸ್ ಹೇಳಿದ್ದೆ, ಪಕ್ಕದಲ್ಲಿದ್ದ ವಾರ್ಡ್‌ಬಾಯ್ ನಗುತ್ತಾ ಹಿಂದಿಯಲ್ಲಿ ಅರ್ಥ ಹೇಳಬೇಕಾಯಿತು.